ಮಟ್ಟುವಿನ ಮರಳು, ಗಾಳಿಬೀಡಿನ ಹಿತ್ತಲು

ಮರಳಿನಲ್ಲಿ ಕಾಯಿಪಲ್ಯ ಬೆಳೆಯುವ ವಿದ್ಯೆಯು ಗಾಳಿಬೀಡಿನವನಾದ ನನಗೆ ದೊರೆತದ್ದು ಮಾತೃಮೂಲದಿಂದ. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲದಲ್ಲಿ, 1956ರ ನವೆಂಬರಿನಲ್ಲಿ ಅದು ಮೈಸೂರಿನೊಡನೆ ಸೇರುವುದಕ್ಕೆ ಕೆಲವು ವರ್ಷ ಮುಂಚೆ, ನನ್ನ ತಂದೆಯವರು ದಕ್ಷಿಣ ಕನ್ನಡದಿಂದ ಘಟ್ಟವನ್ನೇರಿ ಬಂದು ಇಲ್ಲಿ ಉಪಾಧ್ಯಾಯ ವೃತ್ತಿಯನ್ನವಲಂಬಿಸಿದರು; ಅವರ ಕೈಹಿಡಿದು ಬಂದ ನನ್ನ ತಾಯಿಯಾದರೋ ಉಡುಪಿಗೆ ದಕ್ಷಿಣದಲ್ಲಿ, ಕಟಪಾಡಿಯಿಂದ ಪಡುವಣ ದಿಕ್ಕಿಗೆ, ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡಿರುವ ಮಟ್ಟು ಗ್ರಾಮದವರು. ಆಕೆ ತವರಿನಿಂದ ತಂದ ಗಂಟಿನಲ್ಲಿ ಹರಿವೆ, ಅಲಸಂಡೆ, ಪಡುವಲ, ಗುಳ್ಳ ಇವುಗಳ ಬೀಜಗಳಿದ್ದುವೆಂದೂ, ಬೂದಿಯಲ್ಲಿ ಹೊರಳಿಸಿ ಬಟ್ಟೆಯಲ್ಲಿ ಕಟ್ಟಿದ್ದ ಆ ಬೀಜಗಳಲ್ಲಿ ಬಹುಪಾಲು ಮೊದಲನೆಯ ಮಳೆಗಾಲದಲ್ಲಿಯೇ ಕೊಳೆತುಹೋದವೆಂದೂ ತಂದೆಯವರು ಅನೇಕ ಸಲ ಹೇಳಿದ್ದನ್ನು ಕೇಳಿದ್ದೇನೆ.

ಹಾಗಾಗದೆ ಗತ್ಯಂತರವೂ ಇರಲಿಲ್ಲ. ಮಡಿಕೇರಿಗೆ ಸಮೀಪವರ್ತಿಯಾದ ನಮ್ಮ ಊರು ಪಶ್ಚಿಮಘಟ್ಟದ ಏಣಿಗೆ ಆತುಕೊಂಡಿದ್ದು, ಕಡಲಿನಿಂದ ಏರಿ ಬಂದ ಮೋಡಗಳನ್ನು ಮೊದಲು ಎದುರುಗೊಳ್ಳತಕ್ಕ ಗ್ರಾಮಗಳಲ್ಲಿ ಒಂದಾಗಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕ ಮಳೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಒಲೆಯ ಮೇಲಣ ಅಟ್ಟದಲ್ಲಲ್ಲದೆ ಮತ್ತೆಲ್ಲಿಯೂ ಒಣಗದ ಬಟ್ಟೆ, ಸಲಿಕೆಗೆ ಅಂಟಿ ಬಿಡಲೊಲ್ಲದ ಕೆಂಪು ಜಿಗುಟು ಮಣ್ಣು. ಆ ಮಣ್ಣು ಸಾರವತ್ತಾದದ್ದೆಂಬುದರಲ್ಲಿ ಸಂದೇಹವಿಲ್ಲ. ಕಾಫಿಗೂ ಏಲಕ್ಕಿಗೂ ಕರಿಮೆಣಸಿಗೂ ಅದು ತಾಯಿಯಂತಹುದು. ಆದರೆ ಎಳೆಯ ತರಕಾರಿ ಸಸಿಯ ಬೇರು ಉಸಿರಾಡುವುದಕ್ಕೆ ಅದರಲ್ಲಿ ಅವಕಾಶವೇ ಇಲ್ಲದೆ, ಮಟ್ಟುವಿನ ಬೀಜಗಳು ತಮ್ಮ ನೆಲವನ್ನು ಕಾಣದೆ ಸೊರಗಿದುವು.

ಆ ನೆಲ ಎಂತಹುದೆಂಬುದನ್ನು ನಾನು ಕಂಡದ್ದು ಬೇಸಗೆಯ ರಜೆಗಳಲ್ಲಿ ಅಜ್ಜಿಯ ಮನೆಗೆ ಹೋಗುತ್ತಿದ್ದಾಗ. ಮಟ್ಟುವಿನಲ್ಲಿ ಮಳೆಗಾಲದ ಬತ್ತದ ಕೊಯಿಲು ಮುಗಿದ ತರುವಾಯ ಅವೇ ಗದ್ದೆಗಳಲ್ಲಿ ಗುಳ್ಳದ ಸಸಿಗಳನ್ನು ನೆಡುವುದು ರೂಢಿ. ತಿಳಿಹಸುರು ಮೈಯ, ಬಿಳಿಯ ಗೆರೆಗಳ, ದುಂಡನೆಯ, ಸಿಪ್ಪೆ ತೆಳುವಾದ ಆ ಬದನೆಯ ಬೀಜವನ್ನು ಸೋದೆ ಮಠದ ವಾದಿರಾಜಸ್ವಾಮಿಗಳು ಊರವರಿಗೆ ಅನುಗ್ರಹಿಸಿದರೆಂಬುದು ಅಲ್ಲಿನ ಪರಂಪರಾಗತ ನಂಬಿಕೆಯಾಗಿದ್ದು, ಇಂದಿಗೂ ಉಡುಪಿಯ ಕೃಷ್ಣಮಠಕ್ಕೆ ಗುಳ್ಳವು ಭಕ್ತಿಪೂರ್ವಕವಾಗಿ ಸಲ್ಲುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಪ್ರಾಪ್ತವಾಯಿತು. ಅದರ ರುಚಿಗೆ ಬೀಜವೊಂದೇ ಕಾರಣವಲ್ಲವೆಂದೂ, ಹೊಳೆಯ ಮೆಕ್ಕಲೂ ಕಡಲ ಮರಳೂ ಬೆರೆತ ಅಲ್ಲಿನ ಮಣ್ಣಿಗೆ ಅದರಲ್ಲಿ ಅರ್ಧ ಪಾಲು ಸಲ್ಲಬೇಕೆಂದೂ ನಾನು ದೃಢವಾಗಿ ನಂಬಿದ್ದೇನೆ.

ಅಜ್ಜಿಯ ಹಿತ್ತಲಾದರೋ ಗದ್ದೆಗಿಂತಲೂ ಕಡಲಿಗೆ ಸಮೀಪವಾಗಿದ್ದು, ಅದರಲ್ಲಿ ಮೆಕ್ಕಲಿನ ಅಂಶವೇ ಇರಲಿಲ್ಲ. ತೆಂಗಿನ ಬುಡದಿಂದ ಬಾವಿಕಟ್ಟೆಯವರೆಗೆ ಬರಿಯ ಹೊಯಿಗೆ. ಮಧ್ಯಾಹ್ನ ಬರಿಗಾಲಿನಲ್ಲಿ ಅದನ್ನು ದಾಟುವುದೆಂದರೆ ತೆಂಗಿನ ನೆರಳಿನಿಂದ ನೆರಳಿಗೆ ಓಡಬೇಕಾಗುತ್ತಿತ್ತು. ಅಂತಹ ನೆಲದಲ್ಲಿ ಬಸಳೆಯ ಚಪ್ಪರವೂ, ಹರಿವೆಯ ಕೆಂಪು ಮಡಿಗಳೂ, ಮಾರುದ್ದ ಇಳಿಬಿದ್ದ ಪಡುವಲವೂ, ಬೆಂಡೆಯೂ, ಸೌತೆಯೂ ಸಮೃದ್ಧವಾಗಿದ್ದುದನ್ನು ನೆನೆದರೆ ಈಗಲೂ ನನಗೆ ಆಶ್ಚರ್ಯವಾಗುತ್ತದೆ. ಮರಳಿನ ಕಣಗಳು ದೊಡ್ಡವಾದ್ದರಿಂದ ಅವುಗಳ ನಡುವಣ ಸಂದುಗಳೂ ದೊಡ್ಡವು. ನೀರು ಅವುಗಳಲ್ಲಿ ನಿಲ್ಲದೆ ಇಳಿದುಹೋಗುವುದು ಮಾತ್ರವಲ್ಲದೆ ತನ್ನೊಡನೆ ಗೊಬ್ಬರದ ಸತ್ತ್ವವನ್ನೂ, ವಿಶೇಷವಾಗಿ ಸಾರಜನಕವನ್ನೂ ಪೊಟ್ಯಾಷನ್ನೂ, ಬೇರಿಗೆ ನಿಲುಕದ ಆಳಕ್ಕೆ ಒಯ್ದುಬಿಡುತ್ತದೆ. ಜೇಡಿಮಣ್ಣು ಹಾಗಲ್ಲ, ಅದರ ಸೂಕ್ಷ್ಮಕಣಗಳು ಸತ್ತ್ವವನ್ನು ತಮ್ಮ ಮೈಗೆ ಹಿಡಿದಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತವೆ. ಈ ಶಾಸ್ತ್ರವನ್ನು ನಾನು ಓದಿದ್ದು ಬಹುಕಾಲದ ಮೇಲೆ. ಅಜ್ಜಿ ಅದನ್ನು ಓದದೆಯೇ ಆಚರಣೆಯಲ್ಲಿಟ್ಟಿದ್ದರು.

ಬೆಳಗ್ಗೆಯೂ ಸಂಜೆಯೂ ತಪ್ಪದೆ, ಬಾವಿಯಿಂದ ಸೇದಿದ ಕೊಡದಿಂದ ಗೆರಟೆಯಲ್ಲಿ ತೋಡಿ, ಒಂದೊಂದು ಬುಡಕ್ಕೂ ಅವರು ಸ್ವಲ್ಪಸ್ವಲ್ಪವೇ ನೀರೆರೆಯುತ್ತಿದ್ದರು. ಬೇಗ ಮುಗಿಸಿ ಕಡಲ ಕಡೆಗೆ ಓಡುವ ಆತುರದಲ್ಲಿ ಹುಡುಗರು ಕೊಡವನ್ನೇ ಬಗ್ಗಿಸಹೊರಟರೆ, "ಒಂದೇ ಸಲ ಹೊಯ್ದರೆ ಅದು ಪಾತಾಳಕ್ಕೆ ಹೋಗ್ತದೆ ಮಗಾ, ಗಿಡಕ್ಕೆ ಅಲ್ಲ" ಎಂದು ತಡೆಯುತ್ತಿದ್ದರು. ಗೊಬ್ಬರದ ವಿಷಯದಲ್ಲಿಯೂ ಅದೇ ಕ್ರಮ: ನೆಡುವಾಗ ಬುಟ್ಟಿಗಟ್ಟಲೆ ಸುರಿದು ಕೈತೊಳೆದುಕೊಳ್ಳುವುದಿಲ್ಲ; ಸೆಗಣಿ ಗಂಜಲಗಳ ತಿಳಿಯನ್ನು ವಾರಕ್ಕೊಮ್ಮೆ, ಒಲೆಯ ಬೂದಿಯನ್ನು ಹಿಡಿಯಷ್ಟು, ಸುಡುಮಣ್ಣನ್ನು ಹೂ ಬರುವ ಹೊತ್ತಿಗೆ. ಈ ಸುಡುಮಣ್ಣು ಕರಾವಳಿಯ ಮನೆಗಳಲ್ಲಿ ಸರ್ವಸಾಮಾನ್ಯವಾದ ವಸ್ತು. ಗುಡಿಸಿದ ತರಗೆಲೆ, ಕಸಕಡ್ಡಿಗಳ ಮೇಲೆ ಒಣಮಣ್ಣನ್ನು ಮುಚ್ಚಿ, ಉರಿಯೇಳದಂತೆ ದಿನವೆರಡು ದಿನ ಒಳಗೊಳಗೇ ಬೇಯಿಸಿ ಪಡೆದ ಆ ಮಣ್ಣಿನಲ್ಲಿ ಕಳೆಯ ಬೀಜವೂ ಹುಳುವಿನ ಮೊಟ್ಟೆಯೂ ಉಳಿಯುವುದಿಲ್ಲ. ಬೂದಿಯ ಪೊಟ್ಯಾಷು ಮಾತ್ರ ಉಳಿಯುತ್ತದೆ. ಬುಡದ ಸುತ್ತ ತೆಂಗಿನ ಸಿಪ್ಪೆಯನ್ನು ನಾರಿನ ಭಾಗ ಮೇಲ್ಮುಖವಾಗುವಂತೆ ಹೂಳುತ್ತಿದ್ದರು. ಎರೆದ ನೀರು ಆ ನಾರಿನಲ್ಲಿ ನೆನೆದು ನಿಂತು, ಬಸಳೆಯ ಬೇರು ಮರುದಿನದವರೆಗೆ ಅದನ್ನು ಹೀರುತ್ತಿತ್ತು.

ಕೀಟಗಳ ವಿಷಯ ಇದಕ್ಕಿಂತಲೂ ಸೂಕ್ಷ್ಮವಾದದ್ದು. ಗುಳ್ಳಕ್ಕೆ ಪರಮಶತ್ರುವೆಂದರೆ ಕುಡಿಯನ್ನೂ ಕಾಯಿಯನ್ನೂ ಕೊರೆಯುವ ಹುಳು. ಕಂದುಮಚ್ಚೆಯ ಬಿಳಿಯ ಪುಟ್ಟ ಪತಂಗವೊಂದು ರಾತ್ರಿಯಲ್ಲಿ ಬಂದು ಎಲೆಯ ಕೆಳಮೈಯಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿ ಎಳೆಯ ಕುಡಿಯೊಳಕ್ಕೆ ನುಸುಳಿ ತಿರುಳನ್ನು ತಿನ್ನುತ್ತದೆ. ಆ ಕುಡಿ ಸುತ್ತಲಿನ ಹಸುರಿನ ನಡುವೆ ಒಂಟಿಯಾಗಿ ತಲೆಬಾಗಿಸುತ್ತದೆ. ಕಾಯಿ ಬಿಡುವ ಕಾಲ ಬಂದಿತೆಂದರೆ ಹುಳು ಕುಡಿಯನ್ನು ಬಿಟ್ಟು ಕಾಯಿಯನ್ನು ಹೊಗುತ್ತದೆ. ಒಳಹೊಕ್ಕ ಮೇಲೆ ಯಾವ ಔಷಧವೂ ಅದನ್ನು ಮುಟ್ಟಲಾರದು. ಆದುದರಿಂದ ಅಜ್ಜಿ ಬೆಳಗಿನ ಕಾಫಿಗಿಂತ ಮುಂಚೆ, ಬಿಸಿಲಿಗೆ ಎಲ್ಲ ಕುಡಿಗಳೂ ಬಾಡಿದಂತೆ ಕಾಣತೊಡಗುವುದಕ್ಕೂ ಮುಂಚೆ, ಗಿಡಗಳ ನಡುವೆ ಒಂದು ಸುತ್ತು ಬರುತ್ತಿದ್ದರು. ಬಾಗಿದ ಕುಡಿಯನ್ನು ಕಂಡರೆ ಅದರ ರಂಧ್ರಕ್ಕಿಂತ ಕೆಳಗೆ ಉಗುರಿನಿಂದ ಚಿವುಟಿ, ಸೆರಗಿನಲ್ಲಿ ಹಾಕಿಕೊಂಡು ತಂದು, ಬಚ್ಚಲೊಲೆಗೆ ಹಾಕುತ್ತಿದ್ದರು. ತೂತುಬಿದ್ದ ಕಾಯಿಗೂ ಅದೇ ಗತಿ. ಇಷ್ಟೇ ಅವರ ಕ್ರಮ. ಇಂದು ಕೃಷಿವಿಜ್ಞಾನಿಗಳು ಈ ಹುಳುವಿಗೆ ಸೂಚಿಸುವ ಉಪಾಯಗಳಲ್ಲಿ ಮೊದಲನೆಯದೂ ಇದೇ ಎಂಬುದನ್ನು ನೋಡಿದಾಗ ನನಗಾದ ಸಂತೋಷ ಅಪಾರವಾದುದು.

ಅಲಸಂಡೆಯ ಕುಡಿಗೆ ಮುತ್ತುವ ಕರಿಯ ಹೇನಿಗೆ, ಇಬ್ಬನಿ ಆರುವ ಮುನ್ನ, ಜರಡಿಯಾಡಿದ ಬೂದಿಯನ್ನು ಎರಚುವುದು ರೂಢಿಯಾಗಿತ್ತು. ಹೇನು ಸ್ರವಿಸುವ ಸಿಹಿದ್ರವಕ್ಕಾಗಿ ಇರುವೆಗಳು ಅದನ್ನು ಸಾಕಿ ಕಾಯುವುದರಿಂದ ಇರುವೆಯ ಸಾಲು ಕಂಡಲ್ಲಿ ಹೇನು ಉಂಟೆಂದೇ ತಿಳಿಯಬೇಕು. ಕೆಂಪು ಬೆನ್ನಿನ ಮೇಲೆ ಕರಿಯ ಚುಕ್ಕೆಗಳುಳ್ಳ ಪುಟ್ಟ ಜೀರುಂಡೆಗಳೂ ಅವುಗಳ ಮರಿಗಳೂ ಅಲ್ಲಿ ಕಾಣಿಸಿದ್ದಾದರೆ, ಬೂದಿಯನ್ನೂ ಎರಚದೆ ಬಿಟ್ಟುಬಿಡತಕ್ಕದ್ದು. ಹೇನನ್ನು ತಿನ್ನುವ ಕೆಲಸವನ್ನು ಅವು ನಮಗಿಂತ ಚೆನ್ನಾಗಿ ಬಲ್ಲವು. ಪಡುವಲಕ್ಕೂ ಸೌತೆಗೂ ಬರುವ ಹಣ್ಣುನೊಣದ ಬಾಧೆಯಾದರೋ ಮರಳಿನಲ್ಲಿ ಇಮ್ಮಡಿಯಾಗಿರುತ್ತದೆ. ನೊಣ ಎಳೆಗಾಯಿಯನ್ನು ಚುಚ್ಚಿ ಮೊಟ್ಟೆಯಿಟ್ಟು, ಹುಳು ಒಳಗೆ ಬಲಿತು, ಕೊಳೆತ ಕಾಯಿಯಿಂದ ಕೆಳಗುದುರಿ ಮಣ್ಣಿನಲ್ಲಿ ಕೋಶಕಟ್ಟುವುದಷ್ಟೆ. ಆ ಕೋಶಾವಸ್ಥೆಗೆ ಸಡಿಲವಾದ ಹೊಯಿಗೆಗಿಂತ ಸುಖವಾದ ಹಾಸಿಗೆ ಬೇರೊಂದಿಲ್ಲ. ಆದ್ದರಿಂದ ಚಪ್ಪರದ ಕೆಳಗಿನ ಮರಳನ್ನು ಆಗಾಗ ಕೆದಕಿ ಬಿಸಿಲಿಗೂ ಕೋಳಿಗೂ ಒಡ್ಡುವುದು, ಉದುರಿದ ಕಾಯಿಯನ್ನು ಅಲ್ಲಿಯೇ ಕೊಳೆಯಗೊಡದೆ ನೀರಿನ ಪಾತ್ರೆಗೆ ಹಾಕುವುದು, ಮಿಡಿಯಾಗಿರುವಾಗಲೇ ಕಾಯಿಗೆ ಬಾಳೆಯ ಒಣ ಎಲೆಯನ್ನು ಸುತ್ತಿ ಕಟ್ಟುವುದು, ಇವು ಮಟ್ಟುವಿನ ಹೆಂಗಸರು ಮಾಡುತ್ತಿದ್ದ ರಕ್ಷೆ.

ಅಮ್ಮ ಈ ವಿದ್ಯೆಯನ್ನೆಲ್ಲ ಗಾಳಿಬೀಡಿನಲ್ಲಿ ಪ್ರಯೋಗಿಸುವ ಅವಕಾಶವಿಲ್ಲದೆ, ಇಲ್ಲಿನ ನೆರೆಯವರಿಂದ ಕೆಸುವು, ಕಾಡುಮಾವು, ಕಣಿಲೆಗಳ ಅಡುಗೆಯನ್ನು ಕಲಿತು, ಏರುಮಡಿಗಳ ಮೇಲೆ ಬೀನ್ಸು ಬೆಳೆದು ತೃಪ್ತರಾದರು. ಬಸವನಹುಳುವೂ ಗೊಂಡೆಹುಳುವೂ ರಾತ್ರೋರಾತ್ರಿ ಸಸಿಗಳನ್ನು ಬೋಳಿಸುತ್ತಿದ್ದುವು. ಬದನೆ ಹಚ್ಚಗೆ ನಿಂತಿದ್ದಂತೆಯೇ ಒಂದು ಮಧ್ಯಾಹ್ನ ಸೊರಗು ರೋಗದಿಂದ ಕುಸಿದುಬೀಳುತ್ತಿತ್ತು. ಆ ದಿನಗಳಲ್ಲಿ ಬಿಎಚ್‌ಸಿ ಎಂಬ ಕೀಟನಾಶಕದ ಪುಡಿಯು ಅಂಗಡಿಗಳಲ್ಲಿ ಬೆಲ್ಲ ಹುಣಿಸೆಗಳ ಪಕ್ಕದಲ್ಲಿಯೇ ಸಿಕ್ಕುತ್ತಿತ್ತು. ತರಕಾರಿಗೆ ಅದನ್ನು ಧೂಳಿಸುವುದು ಪ್ರಗತಿಪರತೆಯ ಲಕ್ಷಣವೆಂದು ಎಣಿಸಲಾಗಿತ್ತು. ತಂದೆಯವರು ಒಂದು ಪೊಟ್ಟಣ ತಂದದ್ದುಂಟು. ಅಮ್ಮ ಅದರ ವಾಸನೆಯನ್ನು ಮೂಸಿ, "ಮಕ್ಕಳಿಗೆ ಹಸಿ ಸೌತೆ ಕೊಡುವ ಮನೆಗೆ ಇದು ಬೇಡ" ಎಂದು ಹೇಳಿ ಹೊರಗಿಟ್ಟುಬಿಟ್ಟರು. ಆಕೆಗೆ ರಸಾಯನಶಾಸ್ತ್ರ ತಿಳಿಯದು. ಆದರೆ ಆ ಪುಡಿಯನ್ನು ಸರಕಾರವೇ 1997ರಲ್ಲಿ ನಿಷೇಧಿಸಿತು.

ವಿಷದ ವಿಷಯದಲ್ಲಿ ನಾನು ಕಠಿನನಾಗಿದ್ದರೆ ಅದಕ್ಕೆ ಅಮ್ಮನ ಈ ಮಾತಿನಷ್ಟೇ ಕಾಸರಗೋಡಿನ ಕಥೆಯೂ ಕಾರಣ. ನಮ್ಮ ಘಟ್ಟದ ಕೆಳಗಣ ಕನ್ನಡ, ತುಳು, ಮಲಯಾಳ ಕಲೆತ ಆ ಸೀಮೆಯಲ್ಲಿ, ಎಣ್ಮಕಜೆಯ ಸುತ್ತಮುತ್ತಲಿನ ಗೇರುತೋಪುಗಳ ಮೇಲೆ, ಚಹಾಸೊಳ್ಳೆಯೆಂಬ ಕೀಟದ ನಿವಾರಣೆಗಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಅಲ್ಲಿನ ಮನೆಗಳ ಬಾವಿ, ತೋಡು, ನೀರಿನ ಸುರಂಗ ಎಲ್ಲವೂ ತೋಪಿನ ತಪ್ಪಲಿನಲ್ಲಿಯೇ ಇದ್ದುವು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಲ್ಲಿಯೂ ಆ ವಿಷದ ಸಂಕಟಕ್ಕೆ ಸಿಲುಕಿದ ಮಕ್ಕಳಿದ್ದಾರೆ. 2011ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿನ ತಯಾರಿಕೆಯನ್ನೂ ಬಳಕೆಯನ್ನೂ ದೇಶದಾದ್ಯಂತ ತಡೆಯಿತು. ಒಂದು ಕೀಟವನ್ನು ಕೊಲ್ಲುವುದಕ್ಕಾಗಿ ಒಂದು ಸೀಮೆಯ ನೀರನ್ನೇ ಕೆಡಿಸತಕ್ಕ ವಿಧಾನವನ್ನು ಬೇಸಾಯವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಮರಳುನೆಲದಲ್ಲಂತೂ ಇದನ್ನು ಎರಡು ಪಟ್ಟು ಒತ್ತಿ ಹೇಳಬೇಕು. ಏಕೆಂದರೆ ಅಲ್ಲಿ ಹೊಯ್ದ ಗೊಬ್ಬರ ಹೇಗೆ ಕೆಳಗಿಳಿಯುವುದೋ ಹಾಗೆಯೇ ವಿಷವೂ ಇಳಿದು, ಬಾವಿಯ ಮೂಲಕ ಹೊಯ್ದವನ ಕೊಡಕ್ಕೇ ಹಿಂತಿರುಗುತ್ತದೆ.

ಅಜ್ಜಿ ತೀರಿಕೊಂಡು, ಅಮ್ಮನೂ ಕಾಲವಾಗಿ, ನಾನೂ ತಂದೆಯವರಂತೆ ಉಪಾಧ್ಯಾಯನಾಗಿ ನಿವೃತ್ತನಾದ ಮೇಲೆ, ಕಡಲ ಮರಳಿನ ಈ ವಿದ್ಯೆಯೆಲ್ಲ ನನ್ನ ಪಾಲಿಗೆ ಬರಿಯ ನೆನಪಾಗಿಯೇ ಉಳಿಯುತ್ತಿತ್ತೋ ಏನೋ, 2018ರ ಆಗಸ್ಟ್ ಬಾರದಿದ್ದರೆ. ಕಕ್ಕಡ ಮಾಸದ ಮಳೆಯೇ ನಿಲ್ಲದೆ ಸುರಿದಿದ್ದು, ಗುಡ್ಡಗಳು ನೀರು ಕುಡಿದು ಭಾರವಾಗಿದ್ದುವು. ತಿಂಗಳ ನಡುಭಾಗದಲ್ಲಿ ಬರೆಗಳು ಒಂದರಮೇಲೊಂದು ಜಾರತೊಡಗಿದುವು. ಕಾಲೂರು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಎಲ್ಲೆಲ್ಲಿಯೂ ಕಾಫಿತೋಟಗಳು ಮರಗಳ ಸಮೇತ ಕಣಿವೆಗಿಳಿದುವು, ಮನೆಗಳು ಹೋದುವು, ಜನರೂ ಹೋದರು. ನಮ್ಮನ್ನು ಮಡಿಕೇರಿಯ ಪರಿಹಾರ ಕೇಂದ್ರಕ್ಕೆ ಕರೆದೊಯ್ದರು. ಪರಿಚಯದವರ ಮುಖಗಳನ್ನು ಅಲ್ಲಿ ಒಂದೊಂದಾಗಿ ಹುಡುಕುತ್ತಿದ್ದ ಆ ರಾತ್ರಿಗಳ ವಿಷಯವನ್ನು ಇಲ್ಲಿ ಹೆಚ್ಚು ಬರೆಯಲಾರೆ.

ಮನೆ ಉಳಿದಿತ್ತು. ಆದರೆ ಮನೆಯ ಕೆಳಗಣ ಗದ್ದೆಯನ್ನು ತೋಡು ತಿರುಗಿಬಂದು ತುಂಬಿಬಿಟ್ಟಿತ್ತು. ಕುಸಿದ ಗುಡ್ಡದ ಮಣ್ಣಿನಲ್ಲಿ ಹಗುರವಾದ ಜೇಡಿಯ ಅಂಶವು ಕೆಂಪುನೀರಾಗಿ ಮುಂದೆ ಹರಿದುಹೋಗಿ, ಭಾರವಾದ ಮರಳು, ಬೆಣಚುಕಲ್ಲಿನ ನುಚ್ಚು, ಅಭ್ರಕದ ಮಿನುಗು ಇವು ಮಾತ್ರ ಹಿಂದುಳಿದು, ಮೊಣಕಾಲೆತ್ತರಕ್ಕೆ ಹಾಸಿಕೊಂಡಿದ್ದುವು. ಪಕ್ಕದ ಗದ್ದೆಯ ಅಣ್ಣ, ನನಗಿಂತ ಹಿರಿಯರು, ಅದರೊಳಗೆ ಕತ್ತಿಯ ತುದಿಯನ್ನು ಊರಿ ನೋಡಿ, "ಇನ್ನು ನಮ್ಮ ಕಾಲದಲ್ಲಿ ಇಲ್ಲಿ ಬತ್ತ ಇಲ್ಲ ಮೇಷ್ಟ್ರೇ" ಎಂದರು. ಅವರ ಮಾತು ನಿಜವೇ ಆಗಿತ್ತು. ಬತ್ತಕ್ಕೆ ನೀರು ನಿಲ್ಲುವ ನೆಲ ಬೇಕು. ಆ ನೆಲ ಮರಳಿನಡಿಯಲ್ಲಿ ಹೂತುಹೋಗಿತ್ತು. ಆದರೂ ಆ ಹೊಯಿಗೆಯನ್ನು ಅಂಗೈಯಲ್ಲಿ ಹಿಡಿದಾಗ, ಬೆರಳ ಸಂದಿನಿಂದ ಅದು ಜಾರಿದ ಬಗೆಯನ್ನು ಕಂಡಾಗ, ಇಂತಹುದನ್ನು ನಾನು ಬಲ್ಲೆನೆಂಬ ಧೈರ್ಯವೊಂದು ಆ ದುಃಖದ ನಡುವೆಯೇ ಹುಟ್ಟಿತು.

ಎರಡೂ ಮರಳೇ ಆದರೂ ಸ್ವಭಾವ ಒಂದಲ್ಲ. ಕಡಲ ಹೊಯಿಗೆಯಲ್ಲಿ ಚಿಪ್ಪಿನ ಸುಣ್ಣ ಬೆರೆತಿರುತ್ತದೆ. ಘಟ್ಟದ ಮರಳು ಹುಳಿಯ ಗುಣದ್ದು. ಆದುದರಿಂದ ತುಲಾ ಸಂಕ್ರಮಣ ಕಳೆದು ಮಳೆ ಹಿಂದೆಗೆದ ಮೇಲೆ, ಕಾಫಿತೋಟದವರು ಮಾಡುವಂತೆಯೇ ಕೃಷಿಸುಣ್ಣವನ್ನು ಬೀರಿ, ಆಮೇಲೆ ಮಡಿ ಮಾಡಿದೆ. ತೆಂಗಿನ ಸಿಪ್ಪೆಯ ಬದಲಿಗೆ ಹುದುಗಿಸಿದ ಕಾಫಿಸಿಪ್ಪೆ, ಹಟ್ಟಿಯ ಸೊಪ್ಪುಗೊಬ್ಬರ, ಮೇಲ್ಹಾಸಿಗೆ ಸಿಲ್ವರ್ ಮರದ ತರಗೆಲೆ. ಬೇಸಗೆಯಲ್ಲಿ ಮಡಿಗಳನ್ನು ನೆಲಮಟ್ಟಕ್ಕಿಂತ ತಗ್ಗಾಗಿಯೂ, ಮಳೆಗಾಲಕ್ಕೆ ಎತ್ತರವಾಗಿಯೂ ಕಟ್ಟುವ ಪದ್ಧತಿಯನ್ನಿಟ್ಟುಕೊಂಡೆ. ಹರಿವೆಯೇ ಮೊದಲು ಒಲಿಯಿತು. ಅಲಸಂಡೆ, ಗೆಣಸು, ಮೂಲಂಗಿ ಅದನ್ನು ಹಿಂಬಾಲಿಸಿದುವು. ಜಿಗುಟುಮಣ್ಣಿನಲ್ಲಿ ಸೊಟ್ಟಸೊಟ್ಟಗೆ ಕವಲೊಡೆಯುತ್ತಿದ್ದ ಮೂಲಂಗಿ ಇಲ್ಲಿ ನೇರವಾಗಿ ಇಳಿದದ್ದನ್ನು ಕಂಡು ನೆರೆಯ ಅಕ್ಕಂದಿರು ಬೀಜ ಕೇಳಿ ಒಯ್ದರು. ಬಸವನಹುಳುವಿನ ಕಾಟವೂ ಒಣಮರಳಿನ ದೆಸೆಯಿಂದ ಬೇಸಗೆಯಲ್ಲಿ ತಗ್ಗಿತು. ಬೆಂಡೆಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹಳದಿನಂಜು ರೋಗ ತಡೆಯಲೆಂದು ಬೆಳೆಸಿದ ಅರ್ಕಾ ಅನಾಮಿಕ ತಳಿಯನ್ನು ಆರಿಸಿದೆ. ಆ ಸಂಸ್ಥೆಯ ಪ್ರಯೋಗಕೇಂದ್ರವೊಂದು ನಮ್ಮ ಚೆಟ್ಟಳ್ಳಿಯಲ್ಲಿಯೇ ಇರುವುದು ಕೊಡಗಿನವರ ಭಾಗ್ಯ. ಅವರದೇ ಆದ ಬೇವಿನ ಸಾಬೂನನ್ನು, ಲೀಟರು ನೀರಿಗೆ 5ರಿಂದ 10 ಗ್ರಾಂನಂತೆ ಕರಗಿಸಿ, ಹೇನು ಹಾಗೂ ಬಿಳಿನೊಣಗಳು ಮಿತಿಮೀರಿದಾಗ ಎಲೆಯ ಕೆಳಮೈಗೆ ತಾಗುವಂತೆ ಸಂಜೆ ಸಿಂಪಡಿಸುತ್ತೇನೆ. ಹಣ್ಣುನೊಣಕ್ಕೆ ಗಂಡುನೊಣಗಳನ್ನು ಸೆಳೆಯುವ ಆಕರ್ಷಕದ ಬುಟ್ಟಿಯನ್ನು ಚಪ್ಪರಕ್ಕೆ ತೂಗುಹಾಕಿದ್ದೇನೆ. ಮರಳನ್ನು ಕೆದಕುವ ಅಜ್ಜಿಯ ಪದ್ಧತಿಯನ್ನೂ ಬಿಟ್ಟಿಲ್ಲ.

ಮಟ್ಟುವಿನಲ್ಲಿ ನಾನು ಕಣ್ಣಾರೆ ಕಾಣದಿದ್ದ ಒಂದು ಪೀಡೆ ಮಾತ್ರ ಇಲ್ಲಿ ಎದುರಾಯಿತು. ಬೆಂಡೆಯ ಗಿಡಗಳು ನೀರು ಗೊಬ್ಬರಗಳಿಗೆ ಕೊರತೆಯಿಲ್ಲದೆಯೂ ಕುಗ್ಗಿ ಹಳದಿಯಾದುದನ್ನು ಕಂಡು ಒಂದನ್ನು ಕಿತ್ತು ನೋಡಿದರೆ, ಬೇರಿನ ತುಂಬ ಗಂಟು. ಕಣ್ಣಿಗೆ ಕಾಣದ ಜಂತುಗಳು ಬೇರಿನೊಳಹೊಕ್ಕು ಮಾಡತಕ್ಕ ಉಪದ್ರವ ಇದು. ಜೇಡಿಯ ಬಿಗಿಯಲ್ಲಿ ಅವುಗಳ ಸಂಚಾರ ಕಷ್ಟ. ಮರಳಿನ ದೊಡ್ಡ ಸಂದುಗಳೋ ಅವುಗಳಿಗೆ ರಾಜಮಾರ್ಗ. ಇದಕ್ಕೆ ಹೊಂಗೆಯ ಹಿಂಡಿ ಅಥವಾ ಬೇವಿನ ಹಿಂಡಿಯನ್ನು ನಾಟಿಗೆ ಮುಂಚೆ ಮಣ್ಣಿಗೆ ಸೇರಿಸುವುದೂ, ಅದಕ್ಕಿಂತ ಮುಖ್ಯವಾಗಿ, ಚೆಂಡುಹೂವಿನ ಗಿಡವನ್ನು ಮಡಿಯ ತುಂಬ ಒತ್ತಾಗಿ ಒಂದು ಋತು ಬೆಳೆಸಿ ಅಲ್ಲಿಯೇ ಮಣ್ಣಿಗೆ ಮಗುಚುವುದೂ ಉಪಾಯ. ಅದರ ಬೇರಿನಿಂದ ಒಸರುವ ದ್ರವ್ಯವು ಈ ಜಂತುಗಳಿಗೆ ಮಾರಕವಾದದ್ದು. ಅಂಚಿನಲ್ಲಿ ಅಂದಕ್ಕಾಗಿ ನೆಟ್ಟ ನಾಲ್ಕು ಗಿಡಗಳಿಂದ ಪ್ರಯೋಜನವಿಲ್ಲ. ಒಂದು ಬೆಳೆಯ ಕಾಲವನ್ನೇ ಅದಕ್ಕೆ ಬಿಟ್ಟುಕೊಡಬೇಕು. ಕಾಯಿಪಲ್ಯದ ಆಸೆಯಲ್ಲಿರುವ ಮನೆಯವರನ್ನು ಇದಕ್ಕೆ ಒಪ್ಪಿಸುವುದು ಜಂತುವನ್ನು ಗೆಲ್ಲುವುದಕ್ಕಿಂತ ಕಷ್ಟ. ಕಾಡುಹಂದಿಯಾದರೋ ಬೇರೆಯೇ ಪ್ರಕರಣ. ಗೆಣಸಿನ ಮಡಿಗೆ ಅದು ಬಂದರೆ ಬೇಲಿ ಬಲವಾಗಿಲ್ಲವೆಂದಷ್ಟೇ ಅರ್ಥ.

ಗುಳ್ಳವನ್ನು ಮಾತ್ರ ಬಹುಕಾಲ ಮುಟ್ಟಲಿಲ್ಲ. ಮಟ್ಟುವಿನ ಬಂಧುಗಳು ಕಳುಹಿಸಿದ ಬೀಜ ಕಡೆಗೆ ಬಂದಾಗ, ಸೊರಗು ರೋಗದ ಭಯದಿಂದ ಕಾಡುಸುಂಡೆಯ ಬುಡಕ್ಕೆ ಕಸಿಕಟ್ಟಿ ನೆಟ್ಟೆ. ಚಳಿಯ ದೆಸೆಯಿಂದ ಕಾಯಿ ತಡವಾಗಿ, ಮಿತವಾಗಿ ಬಂದಿತು, ಗಾತ್ರವೂ ಕಿರಿದು. ಮಟ್ಟುಗುಳ್ಳವೆಂಬ ಹೆಸರು ಮಟ್ಟುವಿನ ನೆಲದಲ್ಲಿ ಬೆಳೆದದ್ದಕ್ಕೆ ಮಾತ್ರ ಸಲ್ಲತಕ್ಕದ್ದಾದ್ದರಿಂದ ನಾನು ಇದನ್ನು ಬರಿಯ ಗುಳ್ಳವೆಂದೇ ಕರೆಯುತ್ತೇನೆ. ಹುಳಿ ಮಾಡಿ ಪಕ್ಕದ ಮನೆಗೆ ಕಳುಹಿಸಿದಾಗ ಅಣ್ಣ ಸ್ವತಃ ಬಂದು, "ಬೀಜ ನಿಲ್ಲುತ್ತದಾ ಮೇಷ್ಟ್ರೇ? ನಿಂತರೆ ನಮಗೂ ಬೇಕು" ಎಂದರು. ಅವರ ಗದ್ದೆಯ ಮರಳನ್ನು ಯಂತ್ರದಿಂದ ತೆಗೆಸುವ ಮಾತು ಆಗ ನಡೆದಿತ್ತು. ಮೇಲಣ ಅರ್ಧವನ್ನು ತೆಗೆಸಿ ಬತ್ತಕ್ಕೆ ಹದಮಾಡುವುದೆಂದೂ, ತೋಡಿನ ಬದಿಯ ಅರ್ಧವನ್ನು ಹಾಗೆಯೇ ಬಿಟ್ಟು ತರಕಾರಿಗೆ ಇಡುವುದೆಂದೂ, ದಡ ಕುಸಿಯದಂತೆ ಲಾವಂಚವನ್ನು ನೆಡುವುದೆಂದೂ ನಾವಿಬ್ಬರೂ ಅಂಗಳದಲ್ಲಿ ಕುಳಿತು ನಿಶ್ಚಯಿಸಿದೆವು. ಲಾವಂಚದ ಬುಡಗಳು ಬಂದಿವೆ. ಗುಳ್ಳದ ನಾಲ್ಕು ಕಾಯಿಗಳನ್ನು ಕೊಯ್ಯದೆ ಬೀಜಕ್ಕೆ ಬಿಟ್ಟಿದ್ದೇನೆ. ಅಣ್ಣನ ಸೊಸೆ ಈಗ ಬೆಳಗ್ಗೆ ಹಾಲು ಕರೆದ ಮೇಲೆ ನಮ್ಮ ಮಡಿಗಳ ಕಡೆಗೆ ಬಂದು, ಬಾಗಿದ ಕುಡಿಗಳನ್ನು ಗುರುತಿಸಿ ಚಿವುಟುವುದನ್ನು ಕಲಿಯುತ್ತಿದ್ದಾಳೆ.